ಚೆಲುವಿನ ತೀರ್ಪಿನಲ್ಲಿ ಮಮಕಾರದ ಪ್ರಶ್ನೆ

ಒಂದು ವಸ್ತುವನ್ನು ಕಂಡು ‘ಇದು ಚೆಲುವಾಗಿದೆ’ ಎಂದು ಹೇಳುವ ಮಾತು ಆಡುವುದಕ್ಕೆ ಎಷ್ಟು ಸರಳವೋ ತರ್ಕಕ್ಕೆ ಒಡ್ಡಿದಾಗ ಅಷ್ಟೇ ತೊಡಕಿನದು. ಆ ಮಾತಿಗೆ ಆಧಾರವಾಗಿರುವುದು ನೋಡಿದವನ ಒಳಗೆ ಹುಟ್ಟಿದ ಸಂತೋಷವೇ ಹೊರತು ಉದ್ದ, ತೂಕಗಳಂತೆ ಅಳೆದು ತೋರಿಸಬಹುದಾದ ವಸ್ತುಗುಣವಲ್ಲ. ಆದರೂ ಅದನ್ನು ಆಡಿದವನು ತನ್ನ ಸಂತೋಷದ ವರದಿಯನ್ನಷ್ಟೇ ಒಪ್ಪಿಸಿ ಸುಮ್ಮನಾಗುವುದಿಲ್ಲ, ಕೇಳಿದವರೆಲ್ಲರೂ ತನ್ನೊಡನೆ ಒಪ್ಪಬೇಕೆಂದು ಅಪೇಕ್ಷಿಸುತ್ತಾನೆ, ಒಪ್ಪದವರನ್ನು ಕಂಡರೆ ವಾದಕ್ಕೆ ನಿಲ್ಲುತ್ತಾನೆ. ಒಬ್ಬನ ಒಳಗಿನ ಅನುಭವವು ಯಾವ ಬಲದಿಂದ ಎಲ್ಲರ ಸಮ್ಮತಿಯನ್ನು ಕೇಳುತ್ತದೆ ಎಂಬುದು ಆಧುನಿಕ ಸೌಂದರ್ಯಮೀಮಾಂಸೆಯ ಮೂಲಪ್ರಶ್ನೆ. ಕಾವೇರಿ, ಹೇಮಾವತಿ, ಲೋಕಪಾವನಿಗಳ ಸೀಮೆಯಾದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಈ ಪ್ರಶ್ನೆಯನ್ನು ಪರೀಕ್ಷಿಸಲು ಬೇಕಾದ ಚಿತ್ರ, ಶಿಲ್ಪ, ಕಾವ್ಯ ಮತ್ತು ಭಕ್ತಿಗಳ ಸಾಮಗ್ರಿಯನ್ನು ಒಂದೇ ಕಡೆ ಒದಗಿಸುತ್ತವೆ. ಆ ಸಾಮಗ್ರಿಯನ್ನು ಮುಂದಿಟ್ಟುಕೊಂಡು ನೋಡಿದರೆ ಯೂರೋಪು ಕೊಟ್ಟ ಪ್ರಸಿದ್ಧ ಉತ್ತರದ ಬಲವೂ ಅದರ ಕೊರತೆಯೂ ಸ್ಪಷ್ಟವಾಗುತ್ತವೆ.

ಇಂದ್ರಿಯಗಳ ಮೂಲಕ ಒದಗುವ ಅರಿವಿಗೂ ತನ್ನದೇ ಆದ ಪರಿಪೂರ್ಣತೆಯುಂಟು, ಆದ್ದರಿಂದ ಅದಕ್ಕೊಂದು ಪ್ರತ್ಯೇಕ ಶಾಸ್ತ್ರ ಬೇಕು ಎಂಬ ಮಾತನ್ನು ಜರ್ಮನಿಯ ಬೌಮ್‌ಗಾರ್ಟನ್ 1735ರಲ್ಲಿ ಮುಂದಿಟ್ಟು, 1750ರ ‘ಈಸ್ಥೆಟಿಕಾ’ ಗ್ರಂಥದಲ್ಲಿ ಬೆಳೆಸಿದನು. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1757ರಲ್ಲಿ ಅಭಿರುಚಿಯ ಮಾನದಂಡವನ್ನು ಕುರಿತು ಬರೆದ ಪ್ರಬಂಧದಲ್ಲಿ ಪ್ರಶ್ನೆಯನ್ನು ಬೇರೊಂದು ದಿಕ್ಕಿಗೆ ತಿರುಗಿಸಿದನು: ಚೆಲುವು ವಸ್ತುವಿನಲ್ಲಿರದೆ ನೋಡುವವರ ಮನಸ್ಸಿನಲ್ಲಿದ್ದರೂ ಎಲ್ಲ ಮನಸ್ಸುಗಳ ತೀರ್ಪೂ ಸಮವಲ್ಲ, ಏಕೆಂದರೆ ಸೂಕ್ಷ್ಮವಾದ ಸಂವೇದನೆ, ಬಲವಾದ ವಿವೇಕ, ದೀರ್ಘ ಅಭ್ಯಾಸ, ಹಲವು ಕೃತಿಗಳನ್ನು ಹೋಲಿಸಿ ನೋಡಿದ ಅನುಭವ ಮತ್ತು ಪೂರ್ವಗ್ರಹಗಳಿಂದ ಬಿಡುಗಡೆ ಇವು ಕೂಡಿದ ವಿಮರ್ಶಕರು ಅಪರೂಪವಾದರೂ ಇದ್ದೇ ಇರುತ್ತಾರೆ, ಅಂಥವರ ಒಮ್ಮತವೇ ಮಾನದಂಡ. ಹ್ಯೂಮನ ಉತ್ತರ ಅನುಭವಕ್ಕೆ ಹತ್ತಿರವಾದುದು, ಆದರೆ ಅದು ಪ್ರಶ್ನೆಯ ಒಂದು ಭಾಗಕ್ಕೆ ಮಾತ್ರ ಸಲ್ಲುತ್ತದೆ. ಯಾರ ತೀರ್ಪನ್ನು ನಂಬಬೇಕು ಎಂಬುದನ್ನು ಅದು ಹೇಳುತ್ತದೆಯೇ ವಿನಾ, ಆ ತೀರ್ಪು ಉಳಿದವರ ಮೇಲೆ ಹಕ್ಕು ಸ್ಥಾಪಿಸುವುದು ಹೇಗೆ ಎಂಬುದನ್ನು ಹೇಳುವುದಿಲ್ಲ.

ಆ ಎರಡನೆಯ ಭಾಗವನ್ನು ಕೈಗೆತ್ತಿಕೊಂಡವನು ಇಮ್ಯಾನುಯೆಲ್ ಕಾಂಟ್. 1790ರಲ್ಲಿ ಪ್ರಕಟವಾದ ಅವನ ಮೂರನೆಯ ವಿಮರ್ಶಾಗ್ರಂಥವು ಹಿತ, ಚೆಲುವು, ಒಳಿತು ಎಂಬ ಮೂರನ್ನು ಬೇರೆಬೇರೆಯಾಗಿ ಬಿಡಿಸಿ ನೋಡುತ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ಆಗಷ್ಟೇ ಇಳಿಸಿದ ಬೆಲ್ಲವನ್ನು ಬಾಯಿಗಿಟ್ಟುಕೊಂಡವನು ಅದು ತನಗೆ ರುಚಿಸಿತು ಎಂದರೆ, ರುಚಿಸಲಿಲ್ಲ ಎನ್ನುವ ಇನ್ನೊಬ್ಬನೊಡನೆ ಅವನಿಗೆ ಜಗಳವಿಲ್ಲ. ಅದು ನಾಲಗೆಗೆ ಸೇರಿದ ಹಿತ, ‘ನನಗೆ’ ಎಂಬ ಮಾತು ಅದರೊಳಗೆ ಅಡಗಿಯೇ ಇರುತ್ತದೆ. ಒಂದು ಕೆಲಸ ಒಳ್ಳೆಯದು ಎನ್ನುವುದಕ್ಕೆ ಉದ್ದೇಶ ಮತ್ತು ನಿಯಮಗಳ ಕಲ್ಪನೆ ಬೇಕು. ಚೆಲುವಿನ ತೀರ್ಪಾದರೋ ನಿಯಮವನ್ನು ಹಿಡಿಯದೆ, ನಾಲಗೆಯ ಹಿತಕ್ಕೂ ಸೀಮಿತವಾಗದೆ, ಕಲ್ಪನಾಶಕ್ತಿ ಮತ್ತು ಬುದ್ಧಿಗಳು ಒಂದರ ಮೇಲೊಂದು ದಬ್ಬಾಳಿಕೆ ನಡೆಸದೆ ಸ್ವಚ್ಛಂದವಾಗಿ ಆಡುವಾಗ ಹುಟ್ಟುವ ಸಂತೋಷವನ್ನು ಆಶ್ರಯಿಸುತ್ತದೆ. ಆ ಎರಡು ಶಕ್ತಿಗಳೂ ಎಲ್ಲ ಮನುಷ್ಯರಲ್ಲಿ ಸಮಾನವಾದುದರಿಂದ ಎಲ್ಲರ ಸಮ್ಮತಿಯನ್ನು ಕೇಳುವುದು ನ್ಯಾಯವಾಗುತ್ತದೆ. ಆದರೆ ಇದಕ್ಕೆ ಕಾಂಟ್ ಒಡ್ಡುವ ಷರತ್ತೊಂದಿದೆ. ನೋಡುವವನಿಗೆ ಆ ವಸ್ತು ಇರಬೇಕು, ತನಗೆ ದಕ್ಕಬೇಕು, ತನ್ನ ಯಾವುದೋ ಬಯಕೆಯನ್ನು ಪೂರೈಸಬೇಕು ಎಂಬ ಆಸಕ್ತಿ ಇರಕೂಡದು. ಇದನ್ನು ಇಲ್ಲಿ ಅನಾಸಕ್ತಿ ಎಂದು ಕರೆಯಬಹುದು. ಇದು ಉದಾಸೀನವಲ್ಲ, ವಸ್ತುವಿನ ಇರವಿಗೆ ಅಂಟಿಕೊಳ್ಳದ ಗಾಢವಾದ ಗಮನ.

ಹಿತಕ್ಕೂ ಚೆಲುವಿಗೂ ನಡುವೆ ಗೆರೆ ಎಳೆಯುವುದು ಪುಸ್ತಕದಲ್ಲಿ ಸುಲಭ, ಕೃತಿಗಳ ಮುಂದೆ ಸುಲಭವಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಹೊರಬಂದಾಗಿನಿಂದ ಮರುಮುದ್ರಣಗೊಳ್ಳುತ್ತಲೇ, ಮನೆಮನೆಗಳಲ್ಲಿ ಹಾಡಾಗಿ ಕೇಳಿಬರುತ್ತಲೇ ಬಂದಿದೆ. ನವ್ಯದ ಕಾಲದ ವಿಮರ್ಶೆಯು ಈ ಜನಪ್ರಿಯತೆಯನ್ನೇ ಸಂಶಯದಿಂದ ನೋಡಿ, ಇಷ್ಟು ಸಲೀಸಾಗಿ ದೊರೆಯುವ ಸಂತೋಷ ಕಾವ್ಯದ್ದೋ ಅಥವಾ ದಾಂಪತ್ಯಸುಖವನ್ನು ಬಯಸುವ ಮನಸ್ಸಿಗೆ ಸಿಕ್ಕ ಹಿತವೋ ಎಂದು ಕೇಳಿತು. ಕಾಂಟನ ಹೆಸರೆತ್ತದೆಯೇ ನಡೆದ ಈ ವಾದ ಅಕ್ಷರಶಃ ಕಾಂಟನದು. ಆದರೆ ಅದಕ್ಕೆ ಕಾಲ ಕೊಟ್ಟ ಉತ್ತರ ಬೇರೆ ಬಗೆಯದು: ಆ ಹಾಡುಗಳನ್ನು ಮೆಚ್ಚಿದವರಲ್ಲಿ ಮದುವೆಯ ವಯಸ್ಸಿನವರು ಮಾತ್ರವಲ್ಲದೆ ಆ ಸುಖವನ್ನು ಕಳೆದುಕೊಂಡವರು, ಎಂದೂ ಕಾಣದವರು, ತೀರ ಬೇರೆ ಸೀಮೆಯವರು ಎಲ್ಲರೂ ಇದ್ದಾರೆ. ಹೆಂಡತಿ, ಮಾವನ ಮನೆ, ಊರದಾರಿ ಇಂಥ ತೀರ ಸ್ವಂತದ ವಿವರಗಳು ಯಾರೊಬ್ಬರ ಸ್ವಂತವೂ ಆಗಿ ಉಳಿಯದೆ ಹಲವು ತಲೆಮಾರುಗಳಿಗೆ ಒದಗಿದ್ದನ್ನು ‘ಹಿತ’ ಎಂಬ ಮಾತು ವಿವರಿಸಲಾರದು. ಆಸಕ್ತಿಯನ್ನು ಹೊರಗಿಟ್ಟು ಹುಟ್ಟಿದ್ದಲ್ಲವಾದ್ದರಿಂದ ಕಾಂಟನ ‘ಚೆಲುವು’ ಕೂಡ ಪೂರ್ತಿಯಾಗಿ ವಿವರಿಸಲಾರದು.

ಇದೇ ತಾಲ್ಲೂಕಿನ ಹೊಸಹೊಳಲಿನಲ್ಲಿರುವ ಲಕ್ಷ್ಮೀನಾರಾಯಣ ದೇವಾಲಯ ಕಾಂಟನ ಇನ್ನೊಂದು ವಿಭಾಗವನ್ನು ಪರೀಕ್ಷೆಗೆ ಒಡ್ಡುತ್ತದೆ. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, 1250ರ ಸುಮಾರಿಗೆ, ಬಳಪದ ಕಲ್ಲಿನಲ್ಲಿ ಕಟ್ಟಿದ ಈ ತ್ರಿಕೂಟದ ಅಧಿಷ್ಠಾನದ ಮೇಲೆ ಆನೆ, ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸಗಳ ಪಟ್ಟಿಕೆಗಳು ಒಂದರ ಮೇಲೊಂದರಂತೆ ಗೋಡೆಯನ್ನು ಬಳಸಿ ಸಾಗುತ್ತವೆ. ಕಾಂಟ್ ಚೆಲುವನ್ನು ಸ್ವತಂತ್ರವಾದುದು ಮತ್ತು ಆಶ್ರಿತವಾದುದು ಎಂದು ಎರಡಾಗಿ ಒಡೆಯುತ್ತಾನೆ. ಹೂವು, ಅಂಚಿನ ಎಲೆಬಳ್ಳಿಯ ಚಿತ್ತಾರ, ಸಾಹಿತ್ಯವಿಲ್ಲದ ಸಂಗೀತ ಇವು ಏನನ್ನೂ ಸೂಚಿಸದೆ ಮೆಚ್ಚಿಗೆಯಾಗುವುದರಿಂದ ಸ್ವತಂತ್ರ, ಮನುಷ್ಯ, ಕುದುರೆ, ಕಟ್ಟಡ ಇವು ಹೀಗಿರಬೇಕೆಂಬ ಕಲ್ಪನೆಯನ್ನು ಅವಲಂಬಿಸುವುದರಿಂದ ಆಶ್ರಿತ. ಹೊಸಹೊಳಲಿನ ಗೋಡೆಗೆ ಈ ಅಳತೆಗೋಲನ್ನು ಹಿಡಿದರೆ ಬಳ್ಳಿಯ ಪಟ್ಟಿಕೆಗೊಂದು ತೀರ್ಪು, ಅದರ ಮೇಲಿನ ರಾಮಾಯಣದ ಪಟ್ಟಿಕೆಗೆ ಇನ್ನೊಂದು ತೀರ್ಪು ಕೊಡಬೇಕಾಗುತ್ತದೆ, ಮತ್ತು ಕೆಲವೇ ಅಂಗುಲಗಳ ಅಂತರದಲ್ಲಿ ನೋಡುಗನು ತನ್ನ ನೋಟದ ನೆಲೆಯನ್ನೇ ಬದಲಿಸಬೇಕಾಗುತ್ತದೆ. ಪ್ರದಕ್ಷಿಣೆ ಬರುವ ಕಣ್ಣು ಹಾಗೆ ಮಾಡುವುದಿಲ್ಲ. ಕಥೆಯಿಂದ ಬಳ್ಳಿಗೆ, ಬಳ್ಳಿಯಿಂದ ಕಥೆಗೆ ಅದು ತಡೆಯಿಲ್ಲದೆ ಹರಿಯುತ್ತದೆ, ಒಂದರ ಲಯವೇ ಇನ್ನೊಂದರ ಅರ್ಥವನ್ನು ಹೊತ್ತು ನಡೆಯುತ್ತದೆ.

ಚೌಕಟ್ಟು, ಕಂಬಸಾಲು, ಪ್ರತಿಮೆಯ ಉಡುಗೆ ಇಂಥವು ಕೃತಿಯ ಹೊರಗಿನ ಅಲಂಕಾರಗಳು, ತಮ್ಮ ರೂಪದಿಂದ ಕೃತಿಗೆ ಒದಗದಿದ್ದರೆ ಅವು ಬರಿಯ ಮೆರುಗು ಎಂಬುದು ಕಾಂಟನ ಮತ. ಅಲಂಕಾರವನ್ನು ತೆಗೆದರೆ ಗೋಡೆಯೇ ಉಳಿಯದ ಹೊಯ್ಸಳ ಶೈಲಿಗೆ ಈ ಮತ ಹೊಂದುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ತೀರ್ಪುಗಳು ಈ ಇಕ್ಕಟ್ಟಿನಲ್ಲೇ ಹುಟ್ಟಿದವು: ಹೆಗೆಲ್ ತನ್ನ ಉಪನ್ಯಾಸಗಳಲ್ಲಿ ಭಾರತೀಯ ಕಲೆಯನ್ನು ಅಂಕೆಯಿಲ್ಲದ ಕಲ್ಪನೆಯ, ಸಾಂಕೇತಿಕ ಘಟ್ಟದ ಕಲೆಯೆಂದು ಕೆಳಗಿನ ಮೆಟ್ಟಿಲಲ್ಲಿರಿಸಿದನು; ಜೇಮ್ಸ್ ಫರ್ಗುಸನ್ 1876ರ ತನ್ನ ವಾಸ್ತುಚರಿತ್ರೆಯಲ್ಲಿ ಹಳೇಬೀಡಿನ ದೇವಾಲಯವನ್ನೂ ಅಥೆನ್ಸಿನ ಪಾರ್ಥೆನಾನನ್ನೂ ಕಲೆಯ ಎರಡು ವಿರುದ್ಧ ಧ್ರುವಗಳೆಂದು ಕಂಡನು. ಫರ್ಗುಸನ್‌ನ ಮಾತಿನಲ್ಲಿ ಹೆಚ್ಚಿನ ಔದಾರ್ಯವಿದೆ, ಆದರೂ ಮಿತ ಅಲಂಕಾರ ಯೂರೋಪಿಗೂ ಹೇರಳ ಅಲಂಕಾರ ಭಾರತಕ್ಕೂ ಸೇರಿದ್ದೆಂಬ ಭಾವನೆ ಅಲ್ಲಿಂದ ಬೇರೂರಿತು. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯನ್ನು ನೋಡಿದವರಿಗೆ ಆ ಭಾವನೆ ನಿಲ್ಲುವುದಿಲ್ಲ. ಗಂಗರ ಕಾಲದ ಅಲ್ಲಿನ ಪಂಚಕೂಟ ಬಸದಿಯು ಗಡಸಾದ ಕಣಶಿಲೆಯಲ್ಲಿ, ಸಂಯಮದ ಗೋಡೆಗಳು ಮತ್ತು ಸ್ಪಷ್ಟವಾದ ಶಿಖರರೇಖೆಗಳಿಂದ, ತೀರ್ಥಂಕರರ ನಿಶ್ಚಲತೆಗೆ ತಕ್ಕ ಕಟ್ಟಡವಾಗಿ ನಿಂತಿದೆ. ಇಷ್ಟು ಹತ್ತಿರದಲ್ಲೇ ಎರಡು ಅಭಿರುಚಿಗಳು ಬಾಳಿದ್ದು ಕಲ್ಲಿನ ಗುಣದಿಂದಲೂ ಹೌದು, ಧರ್ಮದ ಗುಣದಿಂದಲೂ ಹೌದು. ಎರಡನ್ನೂ ಮೆಚ್ಚುವ ಕಣ್ಣು ನಿಯಮದಿಂದ ನಡೆಯುತ್ತಿಲ್ಲ ಎಂಬ ಮಟ್ಟಿಗೆ ಕಾಂಟನ ಮಾತು ಗೆಲ್ಲುತ್ತದೆ.

ಕಾಂಟನ ವಾದದ ತಿರುಳಾದ ಅನಾಸಕ್ತಿಗೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗಿಂತ ಕಠಿಣವಾದ ಪರೀಕ್ಷೆ ಬೇರೆ ಸಿಗಲಾರದು. ಅನಾಸಕ್ತಿಯನ್ನು ವಿವರಿಸಲು ಕಾಂಟ್ ತಾನೇ ಒಂದು ಅರಮನೆಯ ದೃಷ್ಟಾಂತವನ್ನು ಕೊಡುತ್ತಾನೆ: ಎದುರಿಗಿರುವ ಅರಮನೆ ಚೆಲುವಾಗಿದೆಯೇ ಎಂದು ಕೇಳಿದರೆ, ಒಬ್ಬನು ಇಂಥ ಆಡಂಬರದ ಕಟ್ಟಡಗಳೇ ತನಗೆ ಸೇರುವುದಿಲ್ಲ ಎನ್ನಬಹುದು, ಮತ್ತೊಬ್ಬನು ಬಡವರ ಬೆವರನ್ನು ದೊರೆಗಳು ಬೇಡದ ವೈಭವಕ್ಕೆ ಸುರಿದಿದ್ದಾರೆಂದು ರೂಸೊನಂತೆ ಖಂಡಿಸಬಹುದು, ಇವೆಲ್ಲ ಸರಿಯಾದ ಮಾತುಗಳೇ ಆದರೂ ಕೇಳಿದ ಪ್ರಶ್ನೆಗೆ ಉತ್ತರಗಳಲ್ಲ, ಆ ಅರಮನೆಯ ಬರಿಯ ನೋಟ ಸಂತೋಷ ಕೊಡುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಈ ಸಾಲುಗಳು ಅಚ್ಚಾಗುವುದಕ್ಕೆ ಆರು ವರ್ಷ ಮೊದಲು, 1784ರಲ್ಲಿ, ಟಿಪ್ಪು ಸುಲ್ತಾನನು ಕಾವೇರಿಯ ಬದಿಯ ತೋಟದಲ್ಲಿ ತೇಗದ ಕಂಬಗಳ ಬೇಸಗೆ ಅರಮನೆಯೊಂದನ್ನು ಪೂರೈಸಿದನು, ಮತ್ತು ಅದರ ಪಶ್ಚಿಮದ ಗೋಡೆಯ ಮೇಲೆ ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ 1780ರ ಸೆಪ್ಟೆಂಬರ್ 10ರಂದು ಹೈದರ್ ಮತ್ತು ಟಿಪ್ಪುವಿನ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ನುಚ್ಚುನೂರು ಮಾಡಿದ ಕದನವನ್ನು ಬರೆಸಿದನು. ಚೌಕವಾಗಿ ಕಟ್ಟಿಕೊಂಡು ನಿಂತ ಇಂಗ್ಲಿಷ್ ಸಿಪಾಯಿಗಳು, ಅವರ ನಡುವೆ ಗಾಯಗೊಂಡು ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೈಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ನಾಲ್ಕೂ ದಿಕ್ಕಿನಿಂದ ನುಗ್ಗುವ ಕುದುರೆಗಳ ಸಾಲು ಇವೆಲ್ಲ ಗೋಡೆಯ ತುಂಬ ಹರಡಿವೆ.

ಈ ಚಿತ್ರ ಯಾವ ಅರ್ಥದಲ್ಲೂ ಅನಾಸಕ್ತವಲ್ಲ. ಗೆದ್ದವನ ಹೆಮ್ಮೆಯನ್ನು ಸಾರುವುದಕ್ಕಾಗಿ, ನೋಡಿದ ಪ್ರಜೆಗೆ ಧೈರ್ಯ, ಹಗೆಗೆ ಅವಮಾನ ಆಗಲೆಂದೇ ಬರೆಸಿದ್ದು ಅದು. ಆದರೆ 1799ರಲ್ಲಿ ಪಟ್ಟಣ ಇಂಗ್ಲಿಷರ ವಶವಾದ ಮೇಲೆ ಇದೇ ಅರಮನೆಯಲ್ಲಿ ವಾಸಕ್ಕಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ತನ್ನವರ ಸೋಲಿನ ಆ ಚಿತ್ರವನ್ನು ಅಳಿಸಿಹಾಕದೆ ಮತ್ತೆ ಬರೆಸಿ ಕಾಪಾಡಿದನು. ಅದು ಮಾಸಿದಾಗ ಗವರ್ನರ್ ಜನರಲ್ ಡಾಲ್‌ಹೌಸಿಯು 1855ರಲ್ಲಿ ಇನ್ನೊಮ್ಮೆ ದುರಸ್ತಿಗೆ ಅಪ್ಪಣೆ ಕೊಟ್ಟನು. ಮೇಲ್ನೋಟಕ್ಕೆ ಇದು ಕಾಂಟನ ತತ್ತ್ವಕ್ಕೆ ಇತಿಹಾಸವೇ ಬರೆದುಕೊಟ್ಟ ಸಾಕ್ಷಿಯಂತಿದೆ, ಏಕೆಂದರೆ ತನ್ನ ಪಕ್ಷದ ಅವಮಾನವನ್ನು ಬದಿಗಿಟ್ಟು ಚಿತ್ರವನ್ನು ಚಿತ್ರವಾಗಿ ನೋಡುವುದಕ್ಕಿಂತ ಶುದ್ಧವಾದ ಅನಾಸಕ್ತಿ ಬೇರೆ ಯಾವುದಿದ್ದೀತು? ಆದರೆ ಸ್ವಲ್ಪ ನಿಧಾನಿಸಿ ನೋಡಿದರೆ ಇನ್ನೊಂದು ಸಾಧ್ಯತೆ ತೋರುತ್ತದೆ. ಆ ಚಿತ್ರವನ್ನು ಸಮಾಧಾನದಿಂದ ನೋಡಲು ವೆಲ್ಲೆಸ್ಲಿಗೆ ಆದದ್ದು ಅಷ್ಟರಲ್ಲಿ ಅರಮನೆಯೂ ಪಟ್ಟಣವೂ ಅವನ ಕೈಯಲ್ಲಿದ್ದವು ಎಂಬುದರಿಂದ. ಸೋತವನ ಗೋಡೆಯ ಮೇಲಿನ ಹೆಮ್ಮೆ ಗೆದ್ದವನ ಗೆಲುವಿಗೇ ಮೆರುಗು ತರುತ್ತದೆ. ಅಂಥ ಅನಾಸಕ್ತಿ ಬಯಕೆಯನ್ನು ಬಿಟ್ಟು ಬಂದದ್ದಲ್ಲ, ಬಯಕೆ ಪೂರೈಸಿದ ಮೇಲೆ ಉಳಿದ ಬಿಡುವು.

ಅದೇ ಶ್ರೀರಂಗಪಟ್ಟಣದ ದ್ವೀಪದಲ್ಲಿ, ಟಿಪ್ಪುವಿನ ಸಮಾಧಿಯಿರುವ ಗುಂಬಜ್‌ನ ಬಳಿ, ಸೆರೆಯಲ್ಲಿದ್ದಾಗಲೇ 1782ರಲ್ಲಿ ತೀರಿಕೊಂಡ ಕರ್ನಲ್ ಬೈಲಿಗಾಗಿ ಅವನ ಬಂಧುವೊಬ್ಬ 1816ರಲ್ಲಿ ಕಟ್ಟಿಸಿದ ಸ್ಮಾರಕವಿದೆ. ಗೋಡೆಯ ಮೇಲಿನ ಬೈಲಿ ಮತ್ತು ಸ್ಮಾರಕದೊಳಗಿನ ಬೈಲಿ ಒಬ್ಬನೇ; ಆದರೆ ಆ ಬಂಧುವಿಗೂ, ವೆಲ್ಲೆಸ್ಲಿಗೂ, ಟಿಪ್ಪುವಿನ ಸಿಪಾಯಿಯ ಮಗನಿಗೂ ಆ ಪಲ್ಲಕ್ಕಿಯ ಚಿತ್ರ ಒಂದೇ ಆಗಿರಲು ಸಾಧ್ಯವಿರಲಿಲ್ಲ. 1912ರಲ್ಲಿ ಎಡ್ವರ್ಡ್ ಬುಲ್ಲೊ ಎಂಬ ವಿದ್ವಾಂಸನು ಇಂಥ ಭೇದವನ್ನು ಮಾನಸಿಕ ದೂರವೆಂಬ ಕಲ್ಪನೆಯಿಂದ ವಿವರಿಸಿದನು: ತೀರ ಹತ್ತಿರವಾದರೆ ಕಲೆ ಬದುಕಿನೊಳಗೆ ಮುಳುಗಿಹೋಗುತ್ತದೆ, ತೀರ ದೂರವಾದರೆ ತಣ್ಣಗಾಗುತ್ತದೆ. ಈ ಕಲ್ಪನೆ ಉಪಯುಕ್ತವಾದುದೇ, ಆದರೆ ದೂರ ಎಷ್ಟಿರಬೇಕೆಂದು ಹೇಳುವಾಗ ಅದು ಬಯಕೆಯ ಪ್ರಮಾಣವನ್ನಷ್ಟೇ ಎಣಿಸುತ್ತದೆ. ಪ್ರಮಾಣವನ್ನು ಬಿಟ್ಟು ಬಯಕೆಯ ಒಡೆತನವನ್ನು ವಿಚಾರಿಸಿದ ಪರಂಪರೆಯೊಂದು ಬುಲ್ಲೊಗೆ ಸಾವಿರ ವರ್ಷ ಮೊದಲೇ ಕಾಶ್ಮೀರದಲ್ಲಿತ್ತು.

ಭಟ್ಟನಾಯಕ ಮತ್ತು ಅವನ ಬಳಿಕ ಬಂದ ಅಭಿನವಗುಪ್ತ ಇವರು ರಸಾನುಭವವನ್ನು ವಿವರಿಸಲು ಬಳಸಿದ ಪದ ಸಾಧಾರಣೀಕರಣ. ನಾಟಕದಲ್ಲಿ ಬೆದರಿ ಓಡುವ ಜಿಂಕೆಯನ್ನು ಕಂಡ ಪ್ರೇಕ್ಷಕನ ಎದೆಯಲ್ಲಿ ಭಯ ನಿಜವಾಗಿಯೂ ಮೂಡುತ್ತದೆ, ಆದರೆ ‘ನಾನು ಹೆದರಿದ್ದೇನೆ’, ‘ಅವನು ಹೆದರಿದ್ದಾನೆ’, ‘ಹೆದರಿದವನು ನನ್ನ ಮಿತ್ರ ಅಥವಾ ಶತ್ರು’ ಎಂಬ ಯಾವ ಗುರುತೂ ಆ ಭಯಕ್ಕೆ ಅಂಟಿರುವುದಿಲ್ಲ. ದೇಶಕಾಲಗಳಿಂದಲೂ ವ್ಯಕ್ತಿಗಳಿಂದಲೂ ಬಿಡುಗಡೆಗೊಂಡ ಭಯವೇ ಭಯಾನಕ ರಸವಾಗುತ್ತದೆ. ಅನುಭವಕ್ಕೆ ಅಡ್ಡಬರುವ ವಿಘ್ನಗಳನ್ನು ಎಣಿಸುವಾಗ ಅಭಿನವಗುಪ್ತನು ಭಾವವನ್ನು ತನ್ನದೆಂದೋ ಪರರದೆಂದೋ ಹಿಡಿದುಕೊಳ್ಳುವುದನ್ನೂ, ಸ್ವಂತ ಸುಖದುಃಖಗಳಲ್ಲಿ ಮುಳುಗಿಹೋಗಿರುವುದನ್ನೂ ಹೆಸರಿಸುತ್ತಾನೆ. ಕಾಂಟ್ ಹೊರಗಿಡಲು ಹೇಳುವುದು ಬಯಕೆಯನ್ನು. ಅಭಿನವಗುಪ್ತ ಹೊರಗಿಡಲು ಹೇಳುವುದು ಮಮಕಾರವನ್ನು, ಅಂದರೆ ಭಾವಕ್ಕೆ ಅಂಟಿದ ‘ನನ್ನದು’ ಎಂಬ ಹಿಡಿತವನ್ನು. ಎರಡರಿಂದಲೂ ತೀರ್ಪು ಎಲ್ಲರಿಗೂ ತೆರೆದುಕೊಳ್ಳುತ್ತದೆ, ಆದರೆ ಎರಡನೆಯ ದಾರಿಯಲ್ಲಿ ಪ್ರೀತಿ, ಭಯ, ಶೋಕಗಳು ತಮ್ಮ ಪೂರ್ಣ ಬಿಸಿಯಿಂದಲೇ ಕಲೆಯೊಳಗೆ ಉಳಿಯುತ್ತವೆ. ಕಿಕ್ಕೇರಿಯ ಕವಿಯ ದಾಂಪತ್ಯಗೀತೆಗಳು ಊರೂರಿಗೂ ಸಂದದ್ದು ಈ ದಾರಿಯಿಂದ.

ಈ ಎರಡು ಪರಂಪರೆಗಳನ್ನು ಒಂದರ ಭಾಷೆಯಲ್ಲಿ ಇನ್ನೊಂದನ್ನು ಮುಚ್ಚಿಹಾಕದೆ ಎದುರುಬದುರು ನಿಲ್ಲಿಸಿದ ಕೀರ್ತಿ ಮೈಸೂರಿನ ಮಹಾರಾಜ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಎಂ. ಹಿರಿಯಣ್ಣನವರಿಗೆ (1871–1950) ಸಲ್ಲಬೇಕು. 1919ರಲ್ಲಿ ಪುಣೆಯಲ್ಲಿ ನಡೆದ ಮೊದಲ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನಕ್ಕೆ ಭಾರತೀಯ ಸೌಂದರ್ಯಮೀಮಾಂಸೆಯನ್ನು ಕುರಿತು ಅವರು ಬರೆದ ಪ್ರಬಂಧವೂ, ಅವರ ಮರಣಾನಂತರ 1954ರಲ್ಲಿ ಪುಸ್ತಕವಾಗಿ ಬಂದ ಕಲಾನುಭವದ ಲೇಖನಗಳೂ ಒಂದು ಮಾತನ್ನು ಮತ್ತೆಮತ್ತೆ ವಿಚಾರಿಸುತ್ತವೆ: ಕಲೆಯಲ್ಲಿ ಮನುಷ್ಯನು ತನ್ನನ್ನು ಮರೆತು ಪಡೆಯುವ ಆನಂದವು ವೇದಾಂತ ಹೇಳುವ ಮುಕ್ತಾವಸ್ಥೆಯನ್ನು ಹೋಲುತ್ತದೆ, ಆದರೆ ಅದು ಹೊರಗಿನ ಕೃತಿಯ ಬಲದಿಂದ ಬಂದದ್ದಾದುದರಿಂದ ಕೃತಿ ಮುಗಿದೊಡನೆ ಮುಗಿಯುತ್ತದೆ, ಜ್ಞಾನದಿಂದ ಬಂದ ಶಾಂತಿಯಂತೆ ನಿಲ್ಲುವುದಿಲ್ಲ. ಕನ್ನಡ ಓದುಗರಿಗೆ ಈ ವಿಚಾರಗಳ ದಾರಿಯನ್ನು ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಸುಗಮಗೊಳಿಸಿತು. ಹಿರಿಯಣ್ಣನವರ ಸಮನ್ವಯ ಅದ್ವೈತದ ನೆಲೆಯಿಂದ ಹೊರಟದ್ದು, ಅಲ್ಲಿ ಕೊನೆಗೆ ಉಳಿಯಬೇಕಾದುದು ಆತ್ಮವೊಂದೇ ಆದ್ದರಿಂದ ಚೆಲುವಾದ ವಸ್ತು ಒಂದು ಮೆಟ್ಟಿಲು ಮಾತ್ರ. ವಸ್ತುವನ್ನೇ, ಅಂದರೆ ಕಣ್ಣೆದುರಿನ ಮೂರ್ತಿಯ ಚೆಲುವನ್ನೇ, ಬಿಡಲೊಪ್ಪದ ದರ್ಶನವೊಂದು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಬೆಟ್ಟದ ಮೇಲಿದೆ.

ಹನ್ನೆರಡನೆಯ ಶತಮಾನದಲ್ಲಿ ರಾಮಾನುಜಾಚಾರ್ಯರು ಹೊಯ್ಸಳ ನಾಡಿಗೆ ಬಂದು ತೊಣ್ಣೂರಿನಲ್ಲಿಯೂ ಮೇಲುಕೋಟೆಯಲ್ಲಿಯೂ ನೆಲೆಸಿದ್ದರೆಂಬುದು ಆ ಸೀಮೆಯ ಬದುಕನ್ನೇ ರೂಪಿಸಿದ ಸಂಗತಿ. ವಿಶಿಷ್ಟಾದ್ವೈತದಲ್ಲಿ ಭಗವಂತನಿಗೆ ದಿವ್ಯಮಂಗಳ ವಿಗ್ರಹವುಂಟು, ಅವನ ಸೌಂದರ್ಯ ಲಾವಣ್ಯಗಳು ಮಾಯೆಯ ತೋರಿಕೆಗಳಲ್ಲ, ಅವನ ನಿಜಗುಣಗಳೇ. ತತ್ತ್ವವನ್ನು ಅರಿಯದವರನ್ನೂ ಒಲಿಸಿಕೊಳ್ಳುವ ಶಕ್ತಿ ಆ ಚೆಲುವಿಗಿದೆ ಎಂದು ಆ ದರ್ಶನ ನಂಬುತ್ತದೆ. ಮೇಲುಕೋಟೆಯ ಸ್ವಾಮಿಯನ್ನು ಚೆಲುವನಾರಾಯಣನೆಂದೂ ಉತ್ಸವಮೂರ್ತಿಯನ್ನು ಚೆಲುವಪಿಳ್ಳೆಯೆಂದೂ ಜನ ಕರೆಯುವುದು ಈ ನಂಬಿಕೆಗೆ ತಕ್ಕಂತೆಯೇ ಇದೆ, ಮತ್ತು ಫಾಲ್ಗುಣದ ವೈರಮುಡಿ ಉತ್ಸವದ ರಾತ್ರಿ ಕಿರೀಟ ಧರಿಸಿ ಹೊರಡುವ ಆ ಮೂರ್ತಿಯನ್ನು ನೋಡುವುದಕ್ಕೆಂದು ಬೆಟ್ಟ ಹತ್ತುವ ಜನಸಾಗರದ ಪಾಲಿಗೆ ನೋಡುವುದು ಬೇರೆ, ಪೂಜಿಸುವುದು ಬೇರೆ ಎಂಬ ವಿಭಾಗವಿಲ್ಲ.

ಈ ದರ್ಶನದ ಸೌಂದರ್ಯತತ್ತ್ವವನ್ನು ಅತ್ಯಂತ ದಿಟ್ಟವಾಗಿ ಹೇಳುವುದು ಶಾಸ್ತ್ರಗ್ರಂಥವಲ್ಲ, ಬೀಬಿ ನಾಚ್ಚಿಯಾರಳ ಕಥೆ. ಕೊಳ್ಳೆಹೋದ ಚೆಲುವಪಿಳ್ಳೆಯ ಮೂರ್ತಿ ದೆಹಲಿಯ ಸುಲ್ತಾನನ ಅರಮನೆಯಲ್ಲಿ ಅವನ ಮಗಳ ಕೈಸೇರಿತ್ತೆಂದೂ, ಅವಳು ಅದನ್ನು ಪ್ರಾಣದಂತೆ ಪ್ರೀತಿಸಿದಳೆಂದೂ, ರಾಮಾನುಜರು ಮೂರ್ತಿಯನ್ನು ಮರಳಿ ತಂದಾಗ ಅಗಲಿಕೆ ತಾಳಲಾರದೆ ಹಿಂಬಾಲಿಸಿ ಬಂದು ಮೇಲುಕೋಟೆಯಲ್ಲಿ ಅವನಲ್ಲೇ ಲೀನವಾದಳೆಂದೂ ಸಂಪ್ರದಾಯ ಹೇಳುತ್ತದೆ. ವರನಂದಿಯೆಂಬ ಹೆಸರಿನಿಂದಲೂ ಕರೆಯಲಾಗುವ ಅವಳ ಪ್ರತಿಮೆ ಸ್ವಾಮಿಯ ಪಾದದ ಬಳಿ ಪೂಜೆಗೊಳ್ಳುತ್ತದೆ. ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಮೊದಲಾದದ್ದು ರಾಮಾನುಜರ ಕಾಲದ ನಂತರ, 1206ರಲ್ಲಿ, ಆದ್ದರಿಂದ ಇತಿಹಾಸದ ಲೆಕ್ಕಕ್ಕೆ ಈ ಕಥೆ ನಿಲ್ಲುವುದಿಲ್ಲ. ಆದರೆ ಒಂದು ಸಮುದಾಯ ತನ್ನ ಗರ್ಭಗುಡಿಯೊಳಗೆ ಈ ಕಥೆಯನ್ನು ಇರಿಸಿಕೊಂಡದ್ದು ತತ್ತ್ವದ ದೃಷ್ಟಿಯಿಂದ ದೊಡ್ಡ ಸಂಗತಿ. ಅವಳಿಗೆ ಆಗಮ ಗೊತ್ತಿಲ್ಲ, ಮಂತ್ರ ಗೊತ್ತಿಲ್ಲ, ಅವಳ ಮನೆಯ ಧರ್ಮ ಮೂರ್ತಿಯನ್ನು ಒಪ್ಪುವುದಿಲ್ಲ. ಯಾವ ಪರಿಕಲ್ಪನೆಯ ನೆರವೂ ಇಲ್ಲದೆ ಅವಳು ಆ ಚೆಲುವಿಗೆ ಮನಸೋತಳು, ಮತ್ತು ಅವಳ ಆ ತೀರ್ಪನ್ನು ಆಚಾರ್ಯ ಪರಂಪರೆ ಸರಿಯೆಂದು ಒಪ್ಪಿತು. ಪರಿಕಲ್ಪನೆಯಿಲ್ಲದೆ ಎಲ್ಲರಿಗೂ ಸಲ್ಲುವ ಮೆಚ್ಚಿಗೆ ಎಂದು ಕಾಂಟ್ ಹೇಳುವುದು ಇದನ್ನೇ.

ಆದರೆ ಅವಳ ಮೆಚ್ಚಿಗೆಯಲ್ಲಿ ಅನಾಸಕ್ತಿಯ ಲವಲೇಶವೂ ಇಲ್ಲ. ಮೂರ್ತಿ ಇರಬೇಕು, ಎದುರಿಗೇ ಇರಬೇಕು, ಇಲ್ಲದಿದ್ದರೆ ಬದುಕಿಲ್ಲ ಎಂಬುದೇ ಅವಳ ನಿಲುವು. ಚೆಲುವಿನ ತೀರ್ಪು ಒಮ್ಮೆ ಉಂಟಾದ ಮೇಲೆ ಆಸಕ್ತಿಯೊಂದು ಅದರೊಡನೆ ಕೂಡಿಕೊಳ್ಳಬಹುದು ಎಂದು ಕಾಂಟ್ ಕೂಡ ಒಪ್ಪುತ್ತಾನೆ, ನಿಸರ್ಗದ ಚೆಲುವಿನಲ್ಲಿ ನೆಲೆಯಾದ ಆಸಕ್ತಿ ಒಳ್ಳೆಯ ಮನಸ್ಸಿನ ಗುರುತು ಎನ್ನುತ್ತಾನೆ; ಅವನ ಪರವಾಗಿ ವಾದಿಸುವವರು ಅವಳ ಪ್ರೀತಿಯನ್ನೂ ತೀರ್ಪಿನ ನಂತರ ಬಂದ ಆಸಕ್ತಿಯೆಂದು ಬಿಡಿಸಿ ಹೇಳಬಹುದು. ಕಥೆ ಹಾಗೆ ಬಿಡಿಸಿಕೊಳ್ಳಲು ಒಪ್ಪುವುದಿಲ್ಲ, ಅಲ್ಲಿ ಕಂಡದ್ದೂ ಸೋತದ್ದೂ ಒಂದೇ ಗಳಿಗೆಯ ಒಂದೇ ಕೆಲಸ. ಕಥೆಯಲ್ಲಿ ಬದಲಾಗುವುದು ಇನ್ನೊಂದು: ಮೊದಲು ಆ ಮೂರ್ತಿ ಅವಳದಾಗಿತ್ತು, ಅರಮನೆಯ ಕೋಣೆಯೊಳಗಿನ ಅವಳ ಒಡವೆಯಾಗಿತ್ತು, ಕೊನೆಗೆ ಅದು ಊರಿನದಾಗಿ, ಅವಳೇ ಅದರವಳಾಗಿ ಉಳಿಯುತ್ತಾಳೆ. ಪ್ರೀತಿ ಒಂದಿಷ್ಟೂ ಕುಗ್ಗದೆ ಒಡೆತನ ಮಾತ್ರ ಅಳಿಯುತ್ತದೆ. ವೆಲ್ಲೆಸ್ಲಿಯ ವಿಷಯದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ; ಅಲ್ಲಿ ಬಯಕೆ ತಣಿದಿತ್ತು, ಒಡೆತನ ಭದ್ರವಾಗಿತ್ತು.

ಮೇಲುಕೋಟೆಯಲ್ಲಿಯೇ 1905ರಲ್ಲಿ ಹುಟ್ಟಿ, ಆ ಊರಿನ ಕೊಳ, ಬೆಟ್ಟ, ಉತ್ಸವಗಳನ್ನು ಉಸಿರಾಡಿ ಬೆಳೆದ ಪು.ತಿ. ನರಸಿಂಹಾಚಾರ್ಯರು ಕವಿಯಾಗಿದ್ದಷ್ಟೇ ಗಂಭೀರವಾಗಿ ಕಾವ್ಯಮೀಮಾಂಸಕರೂ ಆಗಿದ್ದರು. ಅವರು ಕಾವ್ಯವನ್ನು ಕುರಿತು ಚಿಂತಿಸುವಾಗ ರೂಪಿಸಿಕೊಂಡ ಎರಡು ಪರಿಭಾಷೆಗಳು ಭವನಿಮಜ್ಜನ ಚಾತುರ್ಯ ಮತ್ತು ಲಘಿಮಾ ಕೌಶಲ. ಮೊದಲನೆಯದು ಸಂಸಾರದ ಸುಖದುಃಖಗಳಲ್ಲಿ ಹಿಂಜರಿಯದೆ ಮುಳುಗಬಲ್ಲ ಜಾಣ್ಮೆ, ಎರಡನೆಯದು ಹಾಗೆ ಮುಳುಗಿಯೂ ಭಾರವಾಗದೆ ಹಗುರಾಗಿ ಮೇಲೇಳಬಲ್ಲ ನೈಪುಣ್ಯ. ಕವಿಗೆ ಇವೆರಡೂ ಬೇಕು, ಸಹೃದಯನಿಗೂ ಬೇಕು. ಮುಳುಗದವನ ಹಗುರತನಕ್ಕೆ ಇಲ್ಲಿ ಬೆಲೆಯಿಲ್ಲ, ಏಕೆಂದರೆ ಅದು ದಡದ ಮೇಲೆ ನಿಂತವನ ಶುಷ್ಕ ಸ್ವಾಸ್ಥ್ಯ. 1945ರ ‘ಗೋಕುಲ ನಿರ್ಗಮನ’ದಲ್ಲಿ ಕೃಷ್ಣನ ಅಗಲಿಕೆಯ ದುಃಖ ಗೋಪಿಯರ ಸ್ವಂತ ದುಃಖವಾಗಿದ್ದುಕೊಂಡೇ ಸಂಗೀತದ ಹಗುರನ್ನು ಪಡೆಯುವುದನ್ನು ಕಂಡವರಿಗೆ ಈ ಎರಡು ಮಾತುಗಳು ಶಾಸ್ತ್ರಕ್ಕಾಗಿ ಹೆಣೆದವಲ್ಲ, ಬರೆಯುವ ಕೈ ಕಂಡುಕೊಂಡವು ಎಂಬುದು ತಿಳಿಯುತ್ತದೆ. ಕಾಂಟನ ಅನಾಸಕ್ತಿಯಲ್ಲಿ ಸತ್ಯವಿರುವುದು ಲಘಿಮೆಯ ಮಟ್ಟಿಗೆ. ನಿಮಜ್ಜನಕ್ಕೆ ಅವನ ವ್ಯವಸ್ಥೆಯಲ್ಲಿ ಜಾಗವೇ ಇಲ್ಲ, ಮತ್ತು ಆಧುನಿಕ ಸೌಂದರ್ಯಮೀಮಾಂಸೆ ಭಕ್ತಿಯ ಕಲೆಯನ್ನು 200 ವರ್ಷಗಳಿಂದ ಸರಿಯಾಗಿ ವಿವರಿಸಲಾರದೆ ಬಂದಿರುವುದಕ್ಕೆ ಈ ಕೊರತೆಯೇ ಮುಖ್ಯ ಕಾರಣ.

ಒಡೆತನ ಅಳಿದಾಗ ಚೆಲುವು ಎಲ್ಲರದಾಗುತ್ತದೆ ಎಂದ ಮೇಲೆ ಆ ‘ಎಲ್ಲರು’ ಯಾರೆಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಇತರರ ಸ್ಥಾನದಲ್ಲಿ ತನ್ನನ್ನಿರಿಸಿಕೊಂಡು ಯೋಚಿಸುವ ಸಾಮಾನ್ಯ ಸಂವೇದನೆಯೊಂದನ್ನು ಕಾಂಟ್ ಮನುಷ್ಯರೆಲ್ಲರಲ್ಲಿಯೂ ಊಹಿಸಿಕೊಳ್ಳುತ್ತಾನೆ. ಆದರೆ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು 1979ರಲ್ಲಿ ತೋರಿಸಿದಂತೆ, ಅನಾಸಕ್ತವೆಂದು ಕರೆಸಿಕೊಳ್ಳುವ ಅಭಿರುಚಿ ಬಹುಮಟ್ಟಿಗೆ ಅನುಕೂಲವೂ ಓದೂ ಇದ್ದ ವರ್ಗದ ಸೊತ್ತಾಗಿ, ಉಳಿದವರಿಂದ ತನ್ನನ್ನು ಬೇರ್ಪಡಿಸಿಕೊಳ್ಳುವ ಗುರುತಾಗಿ ಕೆಲಸ ಮಾಡುತ್ತದೆ. ಮೇಲುಕೋಟೆಗೆ ಈ ಮಾತು ಜಾತಿಯ ರೂಪದಲ್ಲಿ ಇನ್ನೂ ತೀಕ್ಷ್ಣವಾಗಿ ತಾಗುತ್ತದೆ. ಮೂರ್ತಿಯನ್ನು ತರುವಲ್ಲಿ ರಾಮಾನುಜರಿಗೆ ನೆರವಾದ ದಲಿತ ಸಮುದಾಯದವರನ್ನು ಅವರು ತಿರುಕುಲದವರೆಂದು, ಅಂದರೆ ಪವಿತ್ರ ಕುಲದವರೆಂದು, ಗೌರವಿಸಿ ದೇವಾಲಯ ಪ್ರವೇಶವನ್ನು ಕೊಟ್ಟರೆಂದು ಸಂಪ್ರದಾಯ ಹೆಮ್ಮೆಯಿಂದ ಹೇಳುತ್ತದೆ. ಅದೇ ಸಂಪ್ರದಾಯ ಆ ಪ್ರವೇಶವನ್ನು ಶತಮಾನಗಳ ಕಾಲ ವರ್ಷದ ಕೆಲವೇ ದಿನಗಳಿಗೆ ಮಿತಿಗೊಳಿಸಿತ್ತು. ದೂರದ ಸುಲ್ತಾನನ ಮಗಳ ನೋಟವನ್ನು ಪ್ರಮಾಣವೆಂದು ಒಪ್ಪಿ ಗರ್ಭಗುಡಿಯಲ್ಲಿರಿಸಿದ ಪರಂಪರೆ, ಬೆಟ್ಟದ ತಪ್ಪಲಿನಲ್ಲೇ ಬದುಕಿದ್ದ, ಮೂರ್ತಿಗಾಗಿ ದುಡಿದವರ ನೋಟವನ್ನು ಉಳಿದ ದಿನಗಳಲ್ಲಿ ಬಾಗಿಲ ಹೊರಗೇ ತಡೆಯಿತು. ಕಥೆಯಲ್ಲಿ ಅಳಿದ ಒಡೆತನ ವ್ಯವಸ್ಥೆಯಲ್ಲಿ ಅಳಿಯಲಿಲ್ಲ.

ಹ್ಯೂಮ್ ಹೇಳಿದ ಅಭ್ಯಾಸ ಮತ್ತು ಹೋಲಿಕೆಗಳು, ಅಭಿನವಗುಪ್ತ ಹೇಳಿದ ಸಹೃದಯತೆ ಇವೆರಡೂ ಪದೇಪದೇ ನೋಡಿ, ಕೇಳಿ, ಓದಿ ಕನ್ನಡಿಯಂತೆ ತಿಕ್ಕಿ ತಿಳಿಯಾದ ಮನಸ್ಸನ್ನು ಬೇಡುತ್ತವೆ. ನೋಡಲು ಬಿಡದವರಿಂದ ಅಂಥ ಮನಸ್ಸನ್ನು ನಿರೀಕ್ಷಿಸುವುದಾಗಲಿ, ಅದಿಲ್ಲವೆಂದು ಅವರ ಅಭಿರುಚಿಯನ್ನು ಕೀಳುಗಳೆಯುವುದಾಗಲಿ ನ್ಯಾಯವಲ್ಲ. ವೈರಮುಡಿಯ ಚೆಲುವನ್ನೂ ಹೊಸಹೊಳಲಿನ ಗೋಡೆಯನ್ನೂ ಕುರಿತು ಗ್ರಂಥಗಳಲ್ಲಿ ಉಳಿದು ಬಂದಿರುವ ಮೆಚ್ಚಿಗೆಯ ಮಾತುಗಳು ಬಹುತೇಕ ಒಳಗೆ ನಿಲ್ಲಲು ಅವಕಾಶವಿದ್ದವರ ಮಾತುಗಳು. ಅವು ಸುಳ್ಳೆಂದು ಇದರಿಂದ ಸಿದ್ಧವಾಗುವುದಿಲ್ಲ, ಆದರೆ ಎಲ್ಲರ ಸಮ್ಮತಿಯನ್ನು ಕೇಳುವ ಹಕ್ಕು ತಮಗಿದೆ ಎಂಬ ಅವುಗಳ ಮಾತನ್ನು ಪರೀಕ್ಷಿಸಿ ನೋಡುವ ಕೆಲಸ ನಡೆದೇ ಇರಲಿಲ್ಲ. ಆ ಸಮ್ಮತಿಯನ್ನು ಕೊಡುವ ಇಲ್ಲವೇ ಕೊಡದಿರುವ ಸ್ವಾತಂತ್ರ್ಯದಿಂದ, ಮತ್ತು ಮೂರ್ತಿಯೊಂದಿಗೆ ಹೊರಗಿನಿಂದ ಬಾಳಿದ ತಮ್ಮದೇ ನೆನಪಿನ ಬಲದಿಂದ, ಬಾಗಿಲ ಹೊರಗಿದ್ದವರ ಮಕ್ಕಳು ಮೊಮ್ಮಕ್ಕಳು ಅದೇ ಚೆಲುವನ್ನು ಕುರಿತು ಮಾತನಾಡತೊಡಗಿರುವ ಈ ಕಾಲದಲ್ಲಿ ಆ ಪರೀಕ್ಷೆ ಮೊದಲಾಗಿದೆ.